ಕಪ್ಪಿಗೆ ಎಷ್ಟು ಆಣೆ

ತೀನ್ ಕಂದೀಲಿನಿಂದ ಎಡಕ್ಕ ಹೊಳ್ಳಿದರ
ವಾಚ್ ರಿಪೇರಿಗೂ ಮಂಡಾಳ ಒಗ್ಗರಣಿಗೂ ನಡುವ
ಒಂದೂವರೆ ಬಾಗಿಲಿನ ಅಂಗಡಿ, ಜಿಲಾನಿ ಪಾಷಾಂದು.
ಬೋರ್ಡಿನ ಮ್ಯಾಲ ಈಗ ಮೊಬೈಲ್ ರಿಚಾರ್ಜ್ ಅಂತದ,
ಒಳಗಿನ ಮನುಷ್ಯ ಮಾತ್ರ ಇನ್ನೂ ಡಿಸ್ಕಿನವನೇ.

ಬಂದ ಪ್ರತಿಯೊಂದು ಚಿತ್ರಕ್ಕೂ
ಡಬ್ಬಿ ಬೆನ್ನಿಗೆ ಸ್ಕೆಚ್ ಪೆನ್ನಿಲೆ ಬರೀತಾನ:
ಬಣ್ಣ ಎಂಟಾಣೆ. ಆವಾಜು ಹತ್ತಾಣೆ.
ಕಪ್ಪಿನ ವಿಷಯಕ್ಕ ಅವ ಯಾವತ್ತೂ ಕಂಜೂಸ್,
ನಾಕಾಣೆ, ಭಾಳ ಆದರ ಆರು.
"ಬಣ್ಣ ಯಾರರೆ ತರ್ತಾರಪ್ಪ,
ಕಪ್ಪು ತಂದು ತೋರಿಸಲಿ."

ನನಗ ಇದು ತಿಳೀತಿತ್ತು.
ನಾನು ಶಕ್ತಿನಗರದಾಗ ಕಲ್ಲಿದ್ದಲು ಇಳಿಸೋ ಕಡೆ ಇರಾವ.
ಗಾಡಿಯಿಂದ ಬಿದ್ದಾಗ ಒಂದು ಕಪ್ಪು,
ನೀರು ಹೊಡೆದಾಗ ಇನ್ನೊಂದು,
ಮನಿಗೆ ಬಂದು ಮೂಗು ಸೀನಿದರ ವಸ್ತ್ರದಾಗ ಮತ್ತೊಂದು.
ದಾರಿ ಬದಿ ಎರೆ ಹೊಲದ್ದು ಬ್ಯಾರೇನ,
ಅದರಾಗ ಚೂರು ನೀಲಿ ಇರ್ತದ.

ಆ ಪರದೇಶದ ವೀರನ ಚಿತ್ರ ಮೊದಲು ಬಂದದ್ದು ಸೀಡಿಯಾಗ,
ಎರಡು ತುಂಡು, ಮ್ಯಾಲ ತೆಲುಗು ಮಾತು ಅಂಟಿಸಿದ್ದು.
ಗಣಿ ಕುಸಿದು ಮೂರು ದಿನ ಒಳಗ ಸಿಕ್ಕಾವ
ಕತ್ತಲನ್ನೇ ಮೈಗೆ ಸುತಗೊಂಡು ಹೊರಗ ಬರ್ತಾನ,
ಅವತ್ತಿನಿಂದ ಊರು ಕಾಯ್ತಾನ.
ಯಾವನೋ ಟಾಕೀಸಿನಾಗ ಕ್ಯಾಮೆರಾ ಬಚ್ಚಿಟ್ಟು ತಗದ ಪ್ರಿಂಟು.
ಮುಂದಿನ ಸಾಲಿನವನ ಬೋಳುತಲಿ
ಚಂದ್ರಾಮನಂಗ ಏರಿ ಇಳೀತಿತ್ತು.
ಗಣಿ ಅಂಬೋದು ಬರೇ ಬೂದಿ.
ಬೂದಿಯೊಳಗಿಂದ ಒಬ್ಬ ಬೂದಿಯಾವ ನಡಕೊಂಡು ಬಂದ.
ನಾವು ಸಿಳ್ಳೆ ಹೊಡದಿವಿ.
ಕಪ್ಪು, ಒಂದಾಣೆ.

ಆಮ್ಯಾಲ ಡೀವೀಡಿ.
ಕತ್ತಲು ಬಂದಲ್ಲೆಲ್ಲ ಚೌಕ ಚೌಕ ಒಡೀತಿತ್ತು,
ಫರಸಿ ಹಾಸಿದಂಗ.
ಆ ಫರಸಿ ಮ್ಯಾಲ ಕಾಲಿಟ್ಟು ಅವ ಬಂದ, ಒಬ್ಬನೇ.
ನನ್ನ ಮಗಳು ಪಲ್ಲವಿ ಅವ್ವನ ಕರೇ ದುಪಟ್ಟಾ ಕೊರಳಿಗೆ ಕಟಗೊಂಡು
ಟ್ರಂಕಿನಿಂದ ಮಂಚಕ್ಕ ಜಿಗೀತಿದ್ದಳು ಆವಾಗ,
ಒಂದು ಹಲ್ಲು ಹೋತು, ಅಳಲಿಲ್ಲ.

ಈ ಸಲ ಜಿಲಾನಿ ಹೈದರಾಬಾದಿನಿಂದ ಅಸಲಿ ಡಿಸ್ಕು ತರಿಸ್ಯಾನ,
ರೀಲು ಮತ್ತ ತೊಳದು ತಿದ್ದಿದ್ದಂತ.
ಶಟರ್ ಅರ್ಧ ಇಳಿಸಿ ಬಲ್ಬು ಆರಿಸಿ ಕುಂತಿವಿ.
ಗಣಿ ಬಂತು.
ಅದು ನನ್ನ ಕಪ್ಪು. ನೀರು ಹೊಡೆದದ್ದು.
ಕಲ್ಲಿನ ಅಂಚಂಚೂ ಒದ್ದೆ,
ವೀರನ ಹುಬ್ಬಿನಾಗ ಪುಡಿ.
ಅವ ಎದ್ದ, ಬೆಳಕಿನ ಕಡೆ ತಿರುಗಿದ,
ಅವನ ಹಿಂದ, ಎಡಗಡೆ ತಳದಾಗ
ಒಂದು ಕೈ.
ಬೆರಳು ಎರಡು ಸಲ ಮಡಚಿ ಬಿಚ್ಚಿತು.

ನಿಲ್ಲಿಸು ಅಂದೆ. ಹಿಂದಕ್ಕ ಒಯ್ದ. ಮತ್ತ ಕೈ.
ಡೀವೀಡಿ ಹಾಕಿ ನೋಡಿದಿವಿ: ಫರಸಿ.
ಸೀಡಿ ಹುಡುಕಿ ಹಾಕಿದಿವಿ: ಬೂದಿ, ಬೋಳುತಲಿ.
ಹದಿನೇಳು ವರ್ಷ ಅಲ್ಲೇ ಇತ್ತು ಅದು.
ಅವನೂ ಒಮ್ಮೆ ಹೊಳ್ಳಿ ನೋಡ್ಯಾನ,
ಈ ನೋಟನೂ ನಮಗ ಈಗೇ ಕಂಡದ್ದು,
ನೋಡಿ, ಮುಂದಕ್ಕ ಹೆಜ್ಜಿ ಇಟ್ಟಾನ.

"ಕತಿಯಾಗ ಇದರ ಮಾತೇ ಇಲ್ಲಲ್ಲ," ಅಂದ ಜಿಲಾನಿ.
"ತೆಲುಗು ಹಾಕಿದವರಿಗೂ ಕಂಡಿಲ್ಲೇನೋ."

ನಮ್ಮ ಕಡೆ, ಬೆಲ್ಟಿನ ಹತ್ತಿರ, ಆದೆಪ್ಪ ಅಂತ ಒಬ್ಬ ಇದ್ದ.
ಅದು ಬ್ಯಾರೆ ಮಾತು.

ಸ್ಕೆಚ್ ಪೆನ್ನಿನ ಮುಚ್ಚಳ ಬಾಯಾಗ ಕಚಗೊಂಡು
ಬಣ್ಣ ಹದಿನೈದು ಅಂತ ಬರದ. ಆವಾಜು ಹದಿನಾಕು.
ಕಪ್ಪು ಹದಿನಾರಾಣೆ.
ಇಷ್ಟು ವರ್ಷದಾಗ ಮೊದಲನೇ ಸಲ. ಖುಷಿ ಪಡಲಿಲ್ಲ,
ಶಾಯಿ ಆರಲಿ ಅಂತ ಊದಿದ ಅಷ್ಟೇ.
ಹೊರಗ ಯಾರೋ ರಿಚಾರ್ಜ್ ಬೇಕಂತ ಶಟರ್ ಬಡೀಲಿಕ್ಕತ್ತಿದ್ದರು.

"ಮನಿಗೆ ಒಯ್ತೀಯೇನು, ಮಗಳು ನೋಡ್ಲಿ?"
ಬ್ಯಾಡ ಅಂದೆ.
ರಾತ್ರಿ ಹತ್ತರ ಪಾಳಿ ಇತ್ತು, ಬಸ್ಸಿಗೆ ತಡ ಆಗಿತ್ತು.
ಅಕಿಗಂತ ಹಳೇ ಸೀಡಿ ಎರಡೂ ತುಂಡು ಕಿಸೆದಾಗ ಇಟಗೊಂಡೆ.
ಮನ್ಯಾಗ ಅದನ್ನ ಹಾಕೋ ಮಷೀನೇ ಉಳದಿಲ್ಲ.